ಎಂಜಲಿನಿಂದ ಶ್ವಾಸಕೋಶದ ಭವಿಷ್ಯ: ಒಂದು ಜೀನ್ ಪರೀಕ್ಷಾ ಕಿಟ್‌ನ ವಿಮರ್ಶೆ

ಚಿಕ್ಕದೊಂದು ಪೆಟ್ಟಿಗೆ ಕೊರಿಯರ್‌ನಲ್ಲಿ ಬರುತ್ತದೆ. ಅದರೊಳಗಿನ ನಳಿಕೆಗೆ ಗುರುತಿನ ಗೆರೆಯವರೆಗೆ ಎಂಜಲು ತುಂಬಿ ವಾಪಸು ಕಳುಹಿಸಿದರೆ, ಕೆಲವು ವಾರಗಳ ನಂತರ ಶ್ವಾಸಕೋಶದ ಆನುವಂಶಿಕ ಆರೋಗ್ಯ ಹೇಗಿದೆ ಎಂದು ಹೇಳುವ ವರದಿ ಮೊಬೈಲಿಗೆ ಬಂದು ಬೀಳುತ್ತದೆ. ಶಿರಸಿಯ ಸಮೀಪದ ಹಳ್ಳಿಯೊಂದರಲ್ಲಿ ಅಡಿಕೆ ತೋಟ ನೋಡಿಕೊಂಡಿರುವ ನನ್ನ ಭಾವ ಇದನ್ನು ತರಿಸಿಕೊಂಡಿದ್ದರು. ಬೆಲೆ ಹತ್ತು ಸಾವಿರಕ್ಕೆ ತುಸು ಕಡಿಮೆ. ನಾನು ಕಾರವಾರದಲ್ಲಿ ಜೀವಶಾಸ್ತ್ರ ಕಲಿಸುವವನಾದ್ದರಿಂದ ವರದಿಯನ್ನು ಓದಿ ಹೇಳುವ ಕೆಲಸ ನನಗೆ ಬಂತು. ಇದೇ ಬಗೆಯ ಕಿಟ್‌ಗಳನ್ನು ಈಗ ಹಲವು ಕಂಪನಿಗಳು ಮಾರುತ್ತಿವೆ. ಇಲ್ಲಿ ಬರೆಯುವುದು ಯಾವ ಒಂದು ಹೆಸರಿಗೂ ಸೀಮಿತವಲ್ಲದ ಕಾರಣ ಕಂಪನಿಯ ಹೆಸರು ಬಿಟ್ಟಿದ್ದೇನೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಸಿಗರೇಟು ಅಥವಾ ಬೀಡಿ ಸೇದುವವರು ತಮ್ಮ ಶ್ವಾಸಕೋಶಕ್ಕೆ ಏನಾಗುತ್ತಿದೆ ಎಂದು ತಿಳಿಯಲು ಈ ಪರೀಕ್ಷೆಯನ್ನು ಮಾಡಿಸಬಾರದು. ಪ್ರಯೋಗಾಲಯದ ಕೆಲಸ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅವರು ಓದಿದ್ದನ್ನು ಬಹುಶಃ ಸರಿಯಾಗಿಯೇ ಓದಿದ್ದಾರೆ. ಆದರೆ ಹೊಗೆ ಬದಲಾಯಿಸುವುದು ಒಂದನ್ನು, ಈ ಪರೀಕ್ಷೆ ಅಳೆಯುವುದು ಇನ್ನೊಂದನ್ನು. ಈ ವ್ಯತ್ಯಾಸವನ್ನು ನಲವತ್ತು ಪುಟಗಳ ವರದಿಯಲ್ಲಿ ಎಲ್ಲಿಯೂ ಹೇಳದೆ, ಮೊದಲ ಪುಟದಲ್ಲಿ ಹಸಿರು ಬಣ್ಣದ ದೊಡ್ಡ ಅಕ್ಷರಗಳಲ್ಲಿ ‘ಕಡಿಮೆ ಅಪಾಯ’ ಎಂದು ಅಚ್ಚು ಹಾಕಿರುವುದೇ ನನ್ನ ಮುಖ್ಯ ಆಕ್ಷೇಪ.

ಸೇವೆಯ ಮೇಲ್ಮೈ ವಿಷಯಗಳನ್ನು ಬೇಗ ಮುಗಿಸುತ್ತೇನೆ. ಪೆಟ್ಟಿಗೆ ಅಚ್ಚುಕಟ್ಟಾಗಿದೆ, ನಳಿಕೆಯ ಮುಚ್ಚಳದಲ್ಲಿರುವ ಸಂರಕ್ಷಕ ದ್ರಾವಣ ಚೆಲ್ಲುವುದಿಲ್ಲ, ಅರ್ಧ ಗಂಟೆ ಮೊದಲು ಏನನ್ನೂ ತಿನ್ನಬಾರದು, ಕುಡಿಯಬಾರದು, ಸೇದಬಾರದು ಎಂಬ ಸೂಚನೆ ಚಿತ್ರಗಳ ಸಮೇತ ಇದೆ. ಊಟವಾದ ಮೇಲೆ ಕವಳ ಹಾಕಿಕೊಳ್ಳುವವರು ಎಷ್ಟು ಹೊತ್ತು ಕಾಯಬೇಕು, ಬಾಯಿ ಹೇಗೆ ತೊಳೆದುಕೊಳ್ಳಬೇಕು ಎಂಬುದು ಮಾತ್ರ ಅದರಲ್ಲಿಲ್ಲ. ಭಾವನ ಮೊದಲ ನಳಿಕೆ ಕೆಂಪಗಾಗಿ ಎರಡನೆಯದನ್ನು ತರಿಸಬೇಕಾಯಿತು. ಕೊರಿಯರ್‌ನವರು ಹಳ್ಳಿಯ ತನಕ ಬರದ ಕಾರಣ ಶಿರಸಿ ಪೇಟೆಗೆ ಹೋಗಿಯೇ ಕೊಟ್ಟು ಬರಬೇಕು. ವರದಿ ಇಂಗ್ಲಿಷಿನಲ್ಲಿ ಮಾತ್ರ. ಬೆಲೆಯಲ್ಲಿ ಸೇರಿರುವ ಫೋನ್ ಸಮಾಲೋಚನೆಯೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಸಮಾಲೋಚಕಿ ಸೌಜನ್ಯದಿಂದ ಮಾತಾಡಿದರು ಎಂಬುದನ್ನು ಒಪ್ಪಬೇಕು, ಆದರೆ ಕನ್ನಡದಲ್ಲಿ ಯೋಚಿಸುವ ಐವತ್ತೈದರ ಕೃಷಿಕನಿಗೆ ಅದರಿಂದ ಉಳಿದದ್ದು ಹಸಿರು ಬಣ್ಣ ಒಂದೇ.

“ನೋಡು ಮಾರಾಯಾ, ನಂಗೆ ಎಂತದೂ ಆಗ್ತಿಲ್ಲೆ” ಎಂದು ಭಾವ ಮೊಬೈಲನ್ನು ನನ್ನ ಮುಂದೆ ಹಿಡಿದಾಗ ಅವರ ಅಂಗಿಯ ಕಿಸೆಯಲ್ಲಿ ಸಿಗರೇಟಿನ ಪ್ಯಾಕು ಇತ್ತು. ವರದಿ ಬರುವುದಕ್ಕಿಂತ ಮುಂಚೆ ಅವರು ಬಿಡುವ ಮಾತನ್ನಾದರೂ ಆಡುತ್ತಿದ್ದರು.

ವರದಿಯಲ್ಲಿ ಇರುವುದೇನು? ಮನುಷ್ಯನ ಡಿಎನ್‌ಎಯ ಸುಮಾರು ಮುನ್ನೂರು ಕೋಟಿ ಅಕ್ಷರಗಳಲ್ಲಿ, ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುವ ಆಯ್ದ ಕೆಲವು ಸ್ಥಾನಗಳನ್ನು ಈ ಪರೀಕ್ಷೆ ಓದುತ್ತದೆ. ಶ್ವಾಸಕೋಶದ ಭಾಗದಲ್ಲಿ ಅದು ತೋರಿಸುವುದು ಕೆಲವೇ ಜೀನ್‌ಗಳನ್ನು: ನಿಕೋಟಿನ್ ಹೋಗಿ ಕೂರುವ ಗ್ರಾಹಕದ ಭಾಗವೊಂದನ್ನು ಕಟ್ಟುವ ಸಿಎಚ್‌ಆರ್‌ಎನ್‌ಎ5, ದೊಡ್ಡ ಜನಸಮೂಹಗಳ ಅಧ್ಯಯನಗಳಲ್ಲಿ ಸಿಒಪಿಡಿಯೊಂದಿಗೆ (ಶ್ವಾಸನಾಳಗಳಲ್ಲಿ ಅಡಚಣೆ ಉಳಿದು ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ನಂಟು ಕಂಡುಬಂದ ಎಫ್‌ಎಎಮ್13ಎ ಮತ್ತು ಎಚ್‌ಎಚ್‌ಐಪಿ, ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ರಕ್ಷಕ ಪ್ರೋಟೀನನ್ನು ತಯಾರಿಸುವ ಸರ್ಪಿನ್‌ಎ1. ಇವೆಲ್ಲ ಗಂಭೀರ ಸಂಶೋಧನೆಯಿಂದ ಬಂದ ಹೆಸರುಗಳೇ. ಸೇದುವವರೆಲ್ಲರಿಗೂ ಸಿಒಪಿಡಿ ಬರುವುದಿಲ್ಲ ಎಂಬುದೂ, ಅದರಲ್ಲಿ ವಂಶದಿಂದ ಬಂದದ್ದರ ಪಾಲು ಇದೆ ಎಂಬುದೂ ನಿಜ. ಆದರೆ ಸರ್ಪಿನ್‌ಎ1 ಬಿಟ್ಟರೆ ಉಳಿದ ಒಂದೊಂದು ಸ್ಥಾನದ ಪ್ರಭಾವ ಬಹಳ ಸಣ್ಣದು. ಮೇಲಾಗಿ ಆ ಅಧ್ಯಯನಗಳ ಬಹುಪಾಲು ಯುರೋಪ್ ಮೂಲದ ಜನರ ಮೇಲೆ ನಡೆದಂಥವು. ಅವರ ಲೆಕ್ಕಾಚಾರವನ್ನು ಶಿರಸಿ ಸೀಮೆಯವನೊಬ್ಬನ ಮೇಲೆ ಹಾಗೆಯೇ ಇಳಿಸಿ ‘ಕಡಿಮೆ’ ಎಂದು ಬಣ್ಣ ಬಳಿಯುವುದು ಸಾಹಸದ ಮಾತು. ನಿಕೋಟಿನ್ ಚಟದ ಸಾಧ್ಯತೆಯೂ ಭಾವನಿಗೆ ಕಡಿಮೆಯಂತೆ. ಮೂವತ್ತು ವರ್ಷಗಳಿಂದ ದಿನಕ್ಕೊಂದು ಪ್ಯಾಕು ಸೇದುತ್ತಿರುವವರಿಗೆ ಈ ಭವಿಷ್ಯ ತುಸು ತಡವಾಗಿ ಬಂತು.

ಈಗ ಮುಖ್ಯ ವಿಷಯ. ನಮ್ಮ ದೇಹದ ಎಲ್ಲ ಜೀವಕೋಶಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಡಿಎನ್‌ಎ ಇದೆ. ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಆದರೂ ಕಣ್ಣಿನ ಕೋಶ ಕಣ್ಣಿನ ಕೆಲಸವನ್ನೂ ಶ್ವಾಸನಾಳದ ಕೋಶ ಶ್ವಾಸನಾಳದ ಕೆಲಸವನ್ನೂ ಮಾಡುವುದು ಯಾವ ಜೀನ್ ಯಾವಾಗ, ಎಷ್ಟು ಕೆಲಸ ಮಾಡಬೇಕು ಎಂಬ ನಿಯಂತ್ರಣದಿಂದ. ಬಡಗುತಿಟ್ಟಿನ ಯಕ್ಷಗಾನ ಆಟ ನೋಡಿದವರಿಗೆ ಇದನ್ನು ಸುಲಭವಾಗಿ ಹೇಳಬಹುದು: ಪ್ರಸಂಗದ ಪದ್ಯಗಳು ಅಚ್ಚಾದ ಹಾಗೆಯೇ ಇರುತ್ತವೆ, ಆದರೆ ಈ ರಾತ್ರಿ ಯಾವ ಪದ್ಯ ಎತ್ತಬೇಕು, ಯಾವುದನ್ನು ಹಾರಿಸಬೇಕು, ಯಾವುದನ್ನು ಮತ್ತೆ ಮತ್ತೆ ಹಾಡಿ ಕುಣಿಸಬೇಕು ಎಂದು ತೀರ್ಮಾನಿಸುವವರು ಭಾಗವತರು. ಎಂಜಲಿನ ಕಿಟ್ ಓದಿದ್ದು ಪ್ರಸಂಗದ ಪುಸ್ತಕವನ್ನು. ಹೊಗೆ ಹೋಗಿ ಕೆಡಿಸುವುದು ಭಾಗವತಿಕೆಯನ್ನು.

ಸಿಗರೇಟಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್‌ಕಾರಕಗಳೆಂದು ಗುರುತಿಸಲ್ಪಟ್ಟಿವೆ. ಟಾರಿನಲ್ಲಿರುವ ಬೆಂಜೊಪೈರೀನ್‌ನಂಥ ಅಣುಗಳು ಕೋಶದೊಳಗೆ ಹೊಕ್ಕಾಗ ಎಎಚ್ ಗ್ರಾಹಕ ಎಂಬ ಪ್ರೋಟೀನ್ ಅವುಗಳನ್ನು ಹಿಡಿದುಕೊಂಡು ಕೋಶಕೇಂದ್ರಕ್ಕೆ ಹೋಗಿ, ವಿಷವನ್ನು ಒಡೆಯುವ ಕಿಣ್ವಗಳ ಜೀನ್‌ಗಳನ್ನು ಎಬ್ಬಿಸುತ್ತದೆ. ಇದು ದೇಹದ ರಕ್ಷಣಾಕ್ರಮವೇ, ಆದರೆ ಇದರಲ್ಲೊಂದು ವಿಪರ್ಯಾಸವಿದೆ: ಸಿವೈಪಿ1ಎ1 ಎಂಬ ಆ ಕಿಣ್ವವೇ ಬೆಂಜೊಪೈರೀನನ್ನು ಡಿಎನ್‌ಎಗೆ ಅಂಟಿಕೊಳ್ಳುವ ಅಪಾಯಕಾರಿ ರೂಪಕ್ಕೆ ತಿರುಗಿಸುವ ಕೆಲಸದಲ್ಲಿಯೂ ಕೈಜೋಡಿಸುತ್ತದೆ. ಈ ಇಡೀ ಸರಣಿಗೆ ಲಗಾಮು ಹಾಕಲು ಎಎಚ್‌ಆರ್‌ಆರ್ ಎಂಬ ಇನ್ನೊಂದು ಜೀನ್ ಇದೆ. ಡಿಎನ್‌ಎಯ ಕೆಲವು ಅಕ್ಷರಗಳಿಗೆ ಮಿಥೈಲ್ ಎಂಬ ಪುಟ್ಟ ಗುಂಪು ಅಂಟಿಕೊಂಡಿರುತ್ತದೆ. ಅಕ್ಷರ ಬದಲಾಗದೆ ಅದರ ಮೇಲೆ ಬೀಳುವ ಈ ಗುರುತು ಜೀನಿನ ಚಟುವಟಿಕೆಯನ್ನು ಹೆಚ್ಚುಕಡಿಮೆ ಮಾಡುವ ವಿಧಾನಗಳಲ್ಲೊಂದು. ಸೇದುವವರ ರಕ್ತದಲ್ಲಿ ಎಎಚ್‌ಆರ್‌ಆರ್‌ನ ಒಂದು ನಿರ್ದಿಷ್ಟ ಜಾಗದ ಮಿಥೈಲ್ ಗುರುತು ಎಷ್ಟು ಸ್ಪಷ್ಟವಾಗಿ ಕಡಿಮೆಯಾಗಿರುತ್ತದೆಂದರೆ, ವ್ಯಕ್ತಿ ಬಾಯಿಬಿಟ್ಟು ಹೇಳದಿದ್ದರೂ ಸೇದುತ್ತಾನೋ ಇಲ್ಲವೋ ಎಂದು ಅದರಿಂದಲೇ ಬಹುಮಟ್ಟಿಗೆ ಊಹಿಸಬಹುದು.

2016ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ, 16 ಅಧ್ಯಯನ ಸಮೂಹಗಳಿಗೆ ಸೇರಿದ ಸುಮಾರು 16,000 ಜನರ ರಕ್ತವನ್ನು ನೋಡಿದಾಗ, ಧೂಮಪಾನಕ್ಕೆ ಸಂಬಂಧಿಸಿದ ಮಿಥೈಲ್ ಬದಲಾವಣೆಗಳು 7,000ಕ್ಕೂ ಹೆಚ್ಚು ಜೀನ್‌ಗಳಲ್ಲಿ ಕಂಡುಬಂದವು. ಅಂದರೆ ಮನುಷ್ಯನ ತಿಳಿದ ಜೀನ್‌ಗಳ ಸುಮಾರು ಮೂರನೆಯ ಒಂದು ಭಾಗ. ಬಿಟ್ಟವರಲ್ಲಿ ಬಹುತೇಕ ಗುರುತುಗಳು ಐದು ವರ್ಷಗಳೊಳಗೆ ಎಂದೂ ಸೇದದವರ ಮಟ್ಟಕ್ಕೆ ಮರಳಿದ್ದವು. ಕೆಲವು ಮಾತ್ರ ಬಿಟ್ಟು ಮೂವತ್ತು ವರ್ಷಗಳಾದರೂ ಉಳಿದಿದ್ದವು. ಹುಟ್ಟುವಾಗ ಬಂದ ಅಕ್ಷರಗಳನ್ನು ಓದುವ ವರದಿಯಲ್ಲಿ ಇದರ ಸುಳಿವು ಸಿಗುವುದು ಸಾಧ್ಯವೇ ಇಲ್ಲ. ಅದೇ ನಳಿಕೆಯ ಎಂಜಲಿನಲ್ಲಿ ಬಿಳಿರಕ್ತಕಣಗಳೂ ಕೆನ್ನೆಯ ಒಳಗಿನ ಕೋಶಗಳೂ ಇರುತ್ತವೆ, ಅವುಗಳಲ್ಲಿ ಹೊಗೆಯ ಗುರುತೂ ಇರುತ್ತದೆ. ಆದರೆ ಅದನ್ನು ಕಾಣಬೇಕಾದರೆ ಡಿಎನ್‌ಎಯನ್ನು ಬೈಸಲ್ಫೈಟ್‌ನಂಥ ಬೇರೆಯೇ ಸಂಸ್ಕಾರಕ್ಕೆ ಒಳಪಡಿಸಬೇಕು. ಈ ಕಿಟ್ ಅದನ್ನು ಮಾಡುವುದಿಲ್ಲ. ಹೀಗಾಗಿ ಭಾವ ಜೀವನದಲ್ಲಿ ಒಂದು ಸಿಗರೇಟನ್ನೂ ಮುಟ್ಟದಿದ್ದರೂ, ದಿನಕ್ಕೆ ಐದು ಪ್ಯಾಕು ಸೇದಿದ್ದರೂ, ವರದಿಯ ಅಕ್ಷರಗಳು ಇದೇ ಆಗಿರುತ್ತಿದ್ದವು. ಇದನ್ನು ಫೋನಿನಲ್ಲಿ ಸಮಾಲೋಚಕಿಗೆ ಹೇಳಿದಾಗ ಅವರು ಒಪ್ಪಿದರು, ಮತ್ತು ವರದಿ ‘ಮಾಹಿತಿಗಾಗಿ ಮಾತ್ರ’ ಎಂಬ ಕೊನೆಯ ಪುಟದ ಸಣ್ಣಕ್ಷರದ ಸಾಲನ್ನು ತೋರಿಸಿದರು.

ರಕ್ತದಲ್ಲಿ ಕಾಣುವುದು ಗುರುತು. ಕಾಯಿಲೆ ಬೆಳೆಯುವುದು ಶ್ವಾಸನಾಳದಲ್ಲಿ. ಅಲ್ಲಿ ಹೊಗೆಯ ಉತ್ಕರ್ಷಕ ಕಣಗಳು ಎನ್‌ಎಫ್-ಕಪ್ಪಾಬಿ ಎಂಬ ಉರಿಯೂತದ ಒಡೆಯನನ್ನು ಎಬ್ಬಿಸುತ್ತವೆ. ಅದು ಇಂಟರ್‌ಲ್ಯೂಕಿನ್-8ರಂಥ ಸಂದೇಶವಾಹಕಗಳ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಆ ಸಂದೇಶಕ್ಕೆ ಓಗೊಟ್ಟು ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ಗುಂಪುಗೂಡಿ, ಶ್ವಾಸಕೋಶವನ್ನು ಹಿಗ್ಗಿ ಕುಗ್ಗಲು ಬಿಡುವ ಇಲಾಸ್ಟಿನ್ ನಾರನ್ನೇ ತಿನ್ನುವ ಕಿಣ್ವಗಳನ್ನು ಸುರಿಯುತ್ತವೆ. ಇನ್ನೊಂದು ಕಡೆ ಲೋಳೆ ಕಟ್ಟುವ ಮಕ್5ಎಸಿ ಜೀನಿನ ಕೆಲಸ ಹೆಚ್ಚುತ್ತದೆ, ಲೋಳೆಯನ್ನು ಮೇಲಕ್ಕೆ ದೂಡುವ ಸೂಕ್ಷ್ಮ ಕೂದಲುಗಳು ಮೊಟಕಾಗುತ್ತವೆ. ಬೆಳಗಿನ ಹೊತ್ತು ಬಚ್ಚಲಿನಲ್ಲಿ ಕೇಳುವ, ಮನೆಯವರು ‘ಅದು ಸೇದುವವರ ಕೆಮ್ಮು, ಇದ್ದದ್ದೇ’ ಎಂದು ಬಿಟ್ಟುಬಿಡುವ ಆ ಕಫದ ಕೆಮ್ಮಿನ ಹಿಂದೆ ಇಷ್ಟೆಲ್ಲ ಇದೆ.

ಇದನ್ನು ತಡೆಯುವ ವ್ಯವಸ್ಥೆಯೂ ಕೋಶದಲ್ಲಿದೆ. ಪ್ರತಿ ಕೋಶದ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ. ಹಿಸ್ಟೋನ್‌ಗೆ ಅಸಿಟೈಲ್ ಗುಂಪು ಸೇರಿದರೆ ಸುತ್ತು ಸಡಿಲವಾಗಿ ಅಲ್ಲಿನ ಜೀನ್ ಕೆಲಸಕ್ಕೆ ತೆರೆದುಕೊಳ್ಳುತ್ತದೆ. ಎಚ್‌ಡಿಎಸಿ2 ಎಂಬ ಕಿಣ್ವ ಆ ಗುಂಪನ್ನು ತೆಗೆದು ಮತ್ತೆ ಬಿಗಿಗೊಳಿಸುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಝುಹಿರೊ ಇಟೊ, ಪೀಟರ್ ಬಾರ್ನ್ಸ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿಕೊಟ್ಟದ್ದೇನೆಂದರೆ, ಸಿಒಪಿಡಿ ಇರುವವರ ಶ್ವಾಸಕೋಶದಲ್ಲಿ ಈ ಬಗೆಯ ಕಿಣ್ವಗಳ ಚಟುವಟಿಕೆ, ಅದರಲ್ಲಿಯೂ ಎಚ್‌ಡಿಎಸಿ2, ಕಡಿಮೆಯಾಗಿರುತ್ತದೆ, ಮತ್ತು ಕಾಯಿಲೆ ತೀವ್ರವಾದಷ್ಟೂ ಅದು ಇನ್ನಷ್ಟು ಕುಸಿದಿರುತ್ತದೆ. ಉರಿಯೂತದ ಜೀನ್ ಒಮ್ಮೆ ತೆರೆದರೆ ಮುಚ್ಚುವವರಿಲ್ಲ.

ಇದು ಬರೀ ಪ್ರಯೋಗಾಲಯದ ಮಾತಲ್ಲ. ಇನ್‌ಹೇಲರ್‌ನಲ್ಲಿ ಕೊಡುವ ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುವ ಮುಖ್ಯ ಬಗೆಗಳಲ್ಲೊಂದು ಈ ಎಚ್‌ಡಿಎಸಿ2ಅನ್ನು ಕರೆದುಕೊಂಡು ಹೋಗಿ ಆ ಜೀನ್‌ಗಳ ಮೇಲೆ ಕೂರಿಸುವುದು. ಕರೆಯಲು ಹೋದಾಗ ಮನೆಯಲ್ಲಿ ಆಳೇ ಇಲ್ಲದಿದ್ದರೆ ಔಷಧಿ ಏನು ಮಾಡೀತು? ಅಸ್ತಮಾದಲ್ಲಿ ಚೆನ್ನಾಗಿ ಕೆಲಸ ಮಾಡುವ ಸ್ಟೀರಾಯ್ಡ್ ಸಿಒಪಿಡಿಯಲ್ಲಿ ಏಕೆ ಅಷ್ಟು ಕೆಲಸ ಮಾಡುವುದಿಲ್ಲ ಎಂಬ ಹಳೆಯ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಇದೂ ಒಂದು. ಇಂದಿನ ಚಿಕಿತ್ಸಾ ಮಾರ್ಗಸೂಚಿಗಳು ರಕ್ತದಲ್ಲಿ ಇಯೊಸಿನೋಫಿಲ್ ಎಂಬ ಬಿಳಿರಕ್ತಕಣಗಳ ಎಣಿಕೆ ನೋಡಿ, ಅದು ಮೈಕ್ರೋಲೀಟರಿಗೆ 300 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸ್ಟೀರಾಯ್ಡ್ ಇನ್‌ಹೇಲರ್‌ಗೆ ಒಲವು ತೋರಿ, 100ಕ್ಕಿಂತ ಕೆಳಗಿದ್ದರೆ ಬೇಡವೆನ್ನುತ್ತವೆ. ರಕ್ತದ ಈ ಸಾಮಾನ್ಯ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಆಗುತ್ತದೆ. ದುಬಾರಿ ಜೀನ್ ವರದಿ ಔಷಧಿಯ ಆಯ್ಕೆಗೆ ಇಷ್ಟು ಉಪಯುಕ್ತವಾದ ಒಂದು ಸಾಲನ್ನೂ ಕೊಟ್ಟಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ದಮ್ಮು ಇರುವ ಹಿರಿಯರ ತಲೆದಿಂಬಿನ ಪಕ್ಕದಲ್ಲಿ ಡೆರಿಫಿಲಿನ್ ಮಾತ್ರೆಯ ಪಟ್ಟಿ ಇದ್ದೇ ಇರುತ್ತಿತ್ತು. ಅದರಲ್ಲಿರುವ ಥಿಯೊಫಿಲಿನ್ ಅಲ್ಪ ಪ್ರಮಾಣದಲ್ಲಿ ಎಚ್‌ಡಿಎಸಿ2ರ ಶಕ್ತಿಯನ್ನು ಮರಳಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಾಗ ಅಗ್ಗದ ಹಳೆಯ ಮಾತ್ರೆಗೆ ಹೊಸ ಜನ್ಮ ಬಂತೆಂದು ಹಲವರು ಸಂಭ್ರಮಿಸಿದ್ದರು. ಬ್ರಿಟನ್ನಿನಲ್ಲಿ 1,500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2018ರಲ್ಲಿ ಫಲಿತಾಂಶ ಬಂದ ಪ್ರಯೋಗದಲ್ಲಿ, ಸ್ಟೀರಾಯ್ಡ್ ಇನ್‌ಹೇಲರ್ ಜೊತೆಗೆ ಅಲ್ಪ ಪ್ರಮಾಣದ ಥಿಯೊಫಿಲಿನ್ ಸೇರಿಸಿದ್ದರಿಂದ ಕಾಯಿಲೆ ಉಲ್ಬಣಿಸುವುದು ಕಡಿಮೆಯಾಗಲಿಲ್ಲ. ಜೀನ್ ನಿಯಂತ್ರಣದ ಬಗ್ಗೆ ತಿಳಿದದ್ದೆಲ್ಲ ನೇರವಾಗಿ ಚಿಕಿತ್ಸೆಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ, ಮತ್ತು ಇದೇ ಕಾರಣಕ್ಕೆ ವರದಿಯ ಕೊನೆಯ ಭಾಗದ ಬಗ್ಗೆ ನನಗೆ ಸಿಟ್ಟು ಬಂದದ್ದು.

ಆ ಭಾಗದಲ್ಲಿ ಕಂಪನಿಯದೇ ‘ಶ್ವಾಸಕೋಶ ರಕ್ಷಕ’ ಕ್ಯಾಪ್ಸೂಲ್‌ಗಳ ಜಾಹೀರಾತಿದೆ. ಎನ್‌ಆರ್‌ಎಫ್2 ಎಂಬುದು ನಮ್ಮ ಕೋಶಗಳ ಉತ್ಕರ್ಷಣ ನಿರೋಧಕ ಜೀನ್‌ಗಳನ್ನು ಎಬ್ಬಿಸುವ ಪ್ರೋಟೀನ್. ಸಿಒಪಿಡಿ ಇರುವ ಶ್ವಾಸಕೋಶದಲ್ಲಿ ಅದರ ಕೆಲಸ ಕುಂದಿರುತ್ತದೆ ಎಂಬಲ್ಲಿಯವರೆಗೆ ಜಾಹೀರಾತು ಹೇಳುವುದು ಸರಿ. ಅಲ್ಲಿಂದ ಒಂದೇ ನೆಗೆತಕ್ಕೆ ‘ಆದ್ದರಿಂದ ಈ ಕ್ಯಾಪ್ಸೂಲ್’ ಎನ್ನುತ್ತದೆ. ಡಬ್ಬಿಯ ಹಿಂಬದಿಯ ಪಟ್ಟಿಯಲ್ಲಿ ಮೂರನೆಯ ಹೆಸರು ಬೀಟಾ ಕೆರೋಟಿನ್. ಫಿನ್ಲೆಂಡಿನಲ್ಲಿ 29,133 ಪುರುಷ ಧೂಮಪಾನಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂದಾಗ, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಸೇದುವವರು, ಬಿಟ್ಟವರು ಮತ್ತು ಕಲ್ನಾರಿನ ಧೂಳಿನಲ್ಲಿ ದುಡಿದವರಿಗೆ ಬೀಟಾ ಕೆರೋಟಿನ್ ಜೊತೆ ವಿಟಮಿನ್ ಎ ಕೊಟ್ಟು ನೋಡುತ್ತಿದ್ದ ಇನ್ನೊಂದು ಪ್ರಯೋಗವನ್ನು ಇದೇ ಕಾರಣಕ್ಕೆ 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಅಲ್ಲಿ ಕ್ಯಾನ್ಸರ್ ಶೇ 28ರಷ್ಟು ಹೆಚ್ಚು ಕಂಡಿತ್ತು. ಮೂವತ್ತು ವರ್ಷ ಹಳೆಯ, ಪಠ್ಯಪುಸ್ತಕ ಸೇರಿದ ಈ ಸಂಗತಿ ಸೇದುವವರನ್ನೇ ಗ್ರಾಹಕರನ್ನಾಗಿ ಇಟ್ಟುಕೊಂಡಿರುವ ಕಂಪನಿಗೆ ತಿಳಿದಿರಲೇಬೇಕಿತ್ತು. ಗಜ್ಜರಿ, ಪಪ್ಪಾಯಿ ತಿನ್ನಲು ಹೆದರಬೇಕಾದ್ದಿಲ್ಲ. ಸೇದುವವರು ಹೆದರಬೇಕಾದ್ದು ಡಬ್ಬಿಯಲ್ಲಿ ಬರುವ ದೊಡ್ಡ ಪ್ರಮಾಣಕ್ಕೆ. ಇದೊಂದರಿಂದಲೇ ನಾನು ಈ ಸೇವೆಗೆ ಐದರಲ್ಲಿ ಒಂದಕ್ಕಿಂತ ಹೆಚ್ಚು ಅಂಕ ಕೊಡಲಾರೆ.

ಆ ಒಂದು ಅಂಕ ಸರ್ಪಿನ್‌ಎ1 ಪುಟಕ್ಕೆ. ಸ್ವೀಡನ್ನಿನ ಕಾರ್ಲ್ ಬರ್ಟಿಲ್ ಲಾರೆಲ್ ಮತ್ತು ಸ್ಟೆನ್ ಎರಿಕ್ಸನ್ 1963ರಲ್ಲಿ ಗುರುತಿಸಿದ ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆ ವಂಶದಿಂದ ಬರುವಂಥದು. ಇರುವವರಲ್ಲಿ ಕಡಿಮೆ ವಯಸ್ಸಿನಲ್ಲಿಯೇ ಶ್ವಾಸಕೋಶದ ಗಾಳಿಗೂಡುಗಳು ಹಾಳಾಗಬಹುದು. ಅದರ ಮುಖ್ಯ ರೂಪ ಭಾರತೀಯರಲ್ಲಿ ವಿರಳ, ಆದರೂ ಇದ್ದವರಿಗೆ ತಿಳಿಯುವುದು ಒಳ್ಳೆಯದು. ಭಾವನ ವರದಿಯಲ್ಲಿ ‘ಸಾಮಾನ್ಯ’ ಎಂದಿದೆ. ಇಲ್ಲಿಯೂ ಹೊಗೆಯ ಕಿತಾಪತಿಯನ್ನು ವರದಿ ಹೇಳಿಲ್ಲ: ಜೀನ್ ಸಾಮಾನ್ಯವಾಗಿದ್ದು ಪ್ರೋಟೀನ್ ಸರಿಯಾಗಿ ತಯಾರಾದರೂ, ಅದರ 358ನೆಯ ಸ್ಥಾನದ ಮಿಥಿಯೊನಿನ್ ಎಂಬ ಘಟಕವನ್ನು ಹೊಗೆಯ ಉತ್ಕರ್ಷಕಗಳು ಸುಟ್ಟುಬಿಟ್ಟರೆ ಆ ಪ್ರೋಟೀನ್ ಕೆಲಸಕ್ಕೆ ಬಾರದಂತಾಗುತ್ತದೆ. ಕಾಗದದ ಮೇಲೆ ಕಾವಲುಗಾರ ಇದ್ದಾನೆ, ಬಾಗಿಲಲ್ಲಿ ಇಲ್ಲ.

ವರದಿಯ ಜೊತೆಗಿನ ಪ್ರಶ್ನಾವಳಿಯ ಬಗ್ಗೆಯೂ ಒಂದು ಮಾತು. ದಿನಕ್ಕೆ ಎಷ್ಟು ಸಿಗರೇಟು ಎಂದು ಕೇಳಿದ್ದಾರೆ. ಬೀಡಿಗೆ ಜಾಗವಿಲ್ಲ, ಕವಳದ ಜೊತೆಗಿನ ತಂಬಾಕಿಗೂ ಇಲ್ಲ. ಕಟ್ಟಿಗೆ ಒಲೆಯನ್ನಂತೂ ಕೇಳಿಯೇ ಇಲ್ಲ. ಘಟ್ಟದ ಮೇಲೆ ಮನೆಯೊಳಗೆ ಗ್ಯಾಸ್ ಬಂದಿದ್ದರೂ ಸ್ನಾನದ ಹಂಡೆಗೆ ಬಚ್ಚಲೊಲೆಯೇ, ಅಡಿಕೆ ಬೇಯಿಸುವುದಕ್ಕೆ ಕಟ್ಟಿಗೆಯೇ. ಜೀವನದಲ್ಲಿ ಬೀಡಿ ಮುಟ್ಟದ ಹೆಂಗಸರಿಗೂ ಸಿಒಪಿಡಿ ಬರುವುದರಲ್ಲಿ ಈ ಹೊಗೆಯ ಪಾಲು ದೊಡ್ಡದು, ಮತ್ತು ಅದು ಎಬ್ಬಿಸುವ ಉರಿಯೂತವೂ ಬಹುಮಟ್ಟಿಗೆ ಇದೇ ದಾರಿಗಳಲ್ಲಿ ನಡೆಯುತ್ತದೆ. ನನ್ನ ಅಕ್ಕನಿಗೆ ಈ ಕಿಟ್‌ನಲ್ಲಿ ತುಂಬಲು ಒಂದು ಖಾನೆಯೂ ಇರುತ್ತಿರಲಿಲ್ಲ.

ಹಾಗಾದರೆ ಏನು ಮಾಡಿಸಬೇಕಿತ್ತು? ಮರುದಿನ ಭಾವನನ್ನು ಕಾರವಾರದಲ್ಲಿಯೇ ಎದೆರೋಗದ ವೈದ್ಯರೊಬ್ಬರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಸ್ಪೈರೊಮೆಟ್ರಿ ಎಂಬ ಊದುವ ಪರೀಕ್ಷೆಗೆ ತೆತ್ತದ್ದು ಕಿಟ್‌ನ ಬೆಲೆಯ ಸಣ್ಣದೊಂದು ಪಾಲು. ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಎದೆ ತುಂಬ ಉಸಿರೆಳೆದು ಒಂದೇ ಸಮ ಊದಿಸುತ್ತಾರೆ. ತಂತ್ರಜ್ಞೆ “ಊದಿ, ಊದಿ, ಇನ್ನೂ ಊದಿ, ನಿಲ್ಲಿಸಬೇಡಿ” ಎಂದು ಭಾವನ ಭುಜ ಹಿಡಿದು ಕೂಗುತ್ತಿದ್ದರೆ, ಸಾಲಿನಲ್ಲಿ ಮುಂದೆ ಕೂತಿದ್ದ ಬೈತಖೋಲದ ಮೀನುಗಾರರೊಬ್ಬರು ತಾವೂ ಕೆನ್ನೆ ಉಬ್ಬಿಸಿಕೊಂಡಿದ್ದರು. ಅವರ ಸರದಿ ಬಂದಾಗ ಅದೇ ಆರ್ಭಟ ಕೊಂಕಣಿಯಲ್ಲಿ ನಡೆಯಿತು. ಸರಿಯಾದ ಮೂರು ಊದುಗಳು ಸಿಕ್ಕ ಮೇಲೆ ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಔಷಧಿ ಕೊಟ್ಟು, ಹದಿನೈದು ನಿಮಿಷ ಕೂರಿಸಿ, ಮತ್ತೆ ಊದಿಸಿದರು. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿಯನ್ನು ಒಟ್ಟು ಹೊರಬಂದ ಗಾಳಿಯಿಂದ ಭಾಗಿಸಿದಾಗ, ಔಷಧಿಯ ನಂತರವೂ ಅದು 0.70ಕ್ಕಿಂತ ಕಡಿಮೆ ಇದ್ದರೆ ಶ್ವಾಸನಾಳದಲ್ಲಿ ಬಗೆಹರಿಯದ ಅಡಚಣೆ ಇದೆ ಎಂದರ್ಥ. ಭಾವನದು 0.64. ಹಸಿರು ಅಕ್ಷರಗಳ ‘ಕಡಿಮೆ ಅಪಾಯ’ದ ಶ್ವಾಸಕೋಶದಲ್ಲಿ ಕಾಯಿಲೆ ಆಗಲೇ ಮನೆ ಮಾಡಿತ್ತು.

ಆ ಕ್ಲಿನಿಕ್ಕಿನ ದೋಷಗಳೂ ಇಲ್ಲದಿಲ್ಲ. ಟೋಕನ್ ಪದ್ಧತಿ ಹೆಸರಿಗೆ ಮಾತ್ರ, ಮಧ್ಯಾಹ್ನದವರೆಗೆ ಕಾಯಬೇಕು, ಕಾಯುವ ಜಾಗದಲ್ಲಿ ಆಮ್ಲಜನಕದ ಸಿಲಿಂಡರ್ ಜೊತೆ ಬಂದವರಿಗೂ ಬೇರೆ ಕುರ್ಚಿಯಿಲ್ಲ. ಆದರೆ ವೈದ್ಯರು ಗ್ರಾಫನ್ನು ಮೇಜಿನ ಮೇಲೆ ಬಿಡಿಸಿಟ್ಟು, ಕಪ್ಪೆಯ ಹೊಟ್ಟೆಯಂತೆ ಒಳಕ್ಕೆ ಜಗ್ಗಿದ ಆ ಗೆರೆಯ ಮೇಲೆ ಪೆನ್ನಿಟ್ಟು, ಕನ್ನಡದಲ್ಲಿ ವಿವರಿಸಿದ ಕೆಲವೇ ನಿಮಿಷಗಳು ನಲವತ್ತು ಪುಟಗಳಿಗಿಂತ ಹೆಚ್ಚಿನವು. ಅವರು ಹೇಳಿದ ಲೆಕ್ಕ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಶ್ವಾಸಕೋಶ ಆರೋಗ್ಯ ಅಧ್ಯಯನದ್ದು. ಆರಂಭದ ಹಂತದ ಅಡಚಣೆ ಇದ್ದ ಧೂಮಪಾನಿಗಳನ್ನು ಹನ್ನೊಂದು ವರ್ಷಗಳವರೆಗೆ ನೋಡಿದಾಗ, ಮೊದಲಿಗೇ ಬಿಟ್ಟ ಗಂಡಸರಲ್ಲಿ ಒಂದು ಸೆಕೆಂಡಿನ ಗಾಳಿ ವರ್ಷಕ್ಕೆ ಸುಮಾರು 30 ಮಿಲಿಲೀಟರ್ ಕಡಿಮೆಯಾಗುತ್ತಿತ್ತು. ಸೇದುತ್ತಲೇ ಇದ್ದವರಲ್ಲಿ 66. ಕಳೆದುಕೊಂಡದ್ದು ಬಹುಪಾಲು ಮರಳಿ ಬರುವುದಿಲ್ಲ, ಕಳೆದುಕೊಳ್ಳುವ ವೇಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಜೀನ್ ನಿಯಂತ್ರಣದ ಸಂಶೋಧನೆಯೊಂದಿಗೆ ಇದು ಹೊಂದಿಕೊಳ್ಳುತ್ತದೆ. ಬಾಸ್ಟನ್ ವಿಶ್ವವಿದ್ಯಾಲಯದ ಆವ್ರಮ್ ಸ್ಪೈರಾ ಮತ್ತು ಸಂಗಡಿಗರು 2004ರಲ್ಲಿ ಶ್ವಾಸನಾಳದ ಒಳಪದರದಿಂದ ಕುಂಚದಲ್ಲಿ ತೆಗೆದ ಕೋಶಗಳನ್ನು ಪರೀಕ್ಷಿಸಿ, ಹೊಗೆಯಿಂದ ಹೆಚ್ಚುಕಡಿಮೆಯಾದ ಜೀನ್‌ಗಳಲ್ಲಿ ಅನೇಕವು ಬಿಟ್ಟ ನಂತರ ಮೊದಲಿನ ಮಟ್ಟಕ್ಕೆ ಬರುವುದನ್ನೂ, ಕೆಲವು ವರ್ಷಗಳು ಕಳೆದರೂ ಹಾಗೆಯೇ ಉಳಿಯುವುದನ್ನೂ ತೋರಿಸಿದ್ದರು. ಬಿಟ್ಟವರಿಗೂ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಪೂರ್ತಿ ಹೋಗದಿರುವುದನ್ನು ಅರ್ಥಮಾಡಿಕೊಳ್ಳಲು ಈ ಎರಡನೆಯ ಗುಂಪು ನೆರವಾಗುತ್ತದೆ. ಐವತ್ತೈದರಲ್ಲಿ ಬಿಟ್ಟರೂ ಪ್ರಯೋಜನವಿದೆ ಎನ್ನುವುದಕ್ಕೆ ಮೊದಲನೆಯದು. ಬೀಡಿಗೆ ರಿಯಾಯಿತಿ ಇದೆಯೇ ಎಂದು ಭಾವ ಕೇಳದೆ ಇರಲಿಲ್ಲ. ಬೀಡಿಯ ಎಲೆ ಸಿಗರೇಟಿನ ಕಾಗದದಂತೆ ಗಾಳಿಯಾಡುವಂಥದ್ದಲ್ಲ, ಆರದಂತೆ ಉಳಿಸಿಕೊಳ್ಳಲು ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ ಎಂದಷ್ಟೇ ವೈದ್ಯರು ಹೇಳಿದರು.

ಬಿಡಲು ನೆರವು ಬೇಕಾದವರಿಗೆ ಸಿಗರೇಟಿನ ಪ್ಯಾಕಿನ ಮೇಲೆಯೇ 2018ರಿಂದ ಅಚ್ಚಾಗುತ್ತಿರುವ 1800-11-2356 ಎಂಬ ಉಚಿತ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲಿಯೂ ಮಾತಾಡುತ್ತಾರೆ, ಬಿಡುವ ದಿನ ಗೊತ್ತುಮಾಡಿಸುತ್ತಾರೆ, ಆಮೇಲೆ ತಾವಾಗಿಯೇ ಕರೆ ಮಾಡಿ ವಿಚಾರಿಸುತ್ತಾರೆ. ಹತ್ತು ಸಾವಿರದ ಸೇವೆ ಮಾತಾಡದ ಭಾಷೆಯನ್ನು ಉಚಿತ ಸೇವೆ ಮಾತಾಡುತ್ತದೆ ಎಂಬುದನ್ನು ವಿಮರ್ಶಕನಾಗಿ ಬರೆದಿಡಬೇಕು.

ಈಗಾಗಲೇ ಈ ಕಿಟ್‌ಗೆ ಹಣ ಕೊಟ್ಟವರು ಸರ್ಪಿನ್‌ಎ1 ಪುಟವನ್ನು ಮುದ್ರಿಸಿ ಎದೆರೋಗದ ವೈದ್ಯರಿಗೆ ತೋರಿಸಬಹುದು. ಉಳಿದ ಪುಟಗಳಿಂದ ಅವರಿಗೂ ಪ್ರಯೋಜನವಿಲ್ಲ. ಕ್ಯಾಪ್ಸೂಲ್ ತರಿಸಿದ್ದರೆ ಪಟ್ಟಿಯಲ್ಲಿ ಬೀಟಾ ಕೆರೋಟಿನ್ ಇದೆಯೇ ನೋಡಿ, ಸೇದುವವರಾದರೆ ತೆಗೆದುಕೊಳ್ಳಬೇಡಿ. ಸ್ಪೈರೊಮೆಟ್ರಿಗೆ ಹೋಗುವ ದಿನ ಹೊಟ್ಟೆ ಬಿರಿಯ ಉಂಡು ಹೋಗಬಾರದು, ಕನಿಷ್ಠ ಒಂದು ಗಂಟೆ ಮುಂಚೆ ಸೇದಿರಬಾರದು, ಇನ್‌ಹೇಲರ್ ಬಳಸುವವರು ಎಷ್ಟು ಹೊತ್ತು ಮೊದಲು ನಿಲ್ಲಿಸಬೇಕೆಂದು ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿಕೊಳ್ಳಬೇಕು. ಬೀಟಾ ಕೆರೋಟಿನ್ ಬಗ್ಗೆ ನಾನು ಕಂಪನಿಗೆ ಬರೆದ ಇ-ಮೇಲ್‌ಗೆ ಉತ್ತರ ಬಂದಿದೆ: ಮುಂದಿನ ಖರೀದಿಗೆ ಶೇ 15 ರಿಯಾಯಿತಿಯ ಕೂಪನ್.